ಹಾಯಿ ಇಳಿಸಿ, ಚಕ್ರವೇರಿದವರ ಕರಾವಳಿ

ಬ್ರಿಟನ್ನಿನಲ್ಲಿ ಹಾಯಿದೋಣಿ ಇಟ್ಟುಕೊಂಡ ಕುಟುಂಬಗಳಿಗೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ಹಬ್ಬ. ಚಳಿಗಾಲವಿಡೀ ದಡದ ಮೇಲೆ ಆಸರೆ ಕೊಟ್ಟು ನಿಲ್ಲಿಸಿದ್ದ ದೋಣಿ ಆಗ ನೀರಿಗಿಳಿಯುತ್ತದೆ. ಆದರೂ ಕೆಲವರು ಒಂದು ವರ್ಷ ದೋಣಿಯನ್ನು ದಡದಲ್ಲೇ ಬಿಟ್ಟು, ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಕ್ಯಾಂಪರ್ ವ್ಯಾನಿನಲ್ಲಿ ಕರಾವಳಿ ಸುತ್ತಲು ಹೊರಡುವುದುಂಟು. ಮಕ್ಕಳಿರುವ ಮನೆಗಳಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ. ರಜೆ ಸಿಗುವುದು ಲೆಕ್ಕದ ವಾರಗಳು; ಗಾಳಿಗೆ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ. ಎದುರುಗಾಳಿ ಎದ್ದರೆ ಬಂದರಿನಲ್ಲೇ ದಿನಗಟ್ಟಲೆ ಕೂರಬೇಕು.

ಇಂಥವರಿಗೆ ಹೇಳಿ ಮಾಡಿಸಿದಂತಿದೆ ಸ್ಕಾಟ್ಲೆಂಡಿನ ಉತ್ತರ ತುದಿ. ಇನ್ವರ್‌ನೆಸ್ ಕೋಟೆಯಿಂದ ಹೊರಟು ಅಲ್ಲಿಗೇ ಮರಳುವ 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರ್ ಹಾದಿಗೆ 2015ರಲ್ಲಿ 'ನಾರ್ತ್ ಕೋಸ್ಟ್ 500' ಎಂದು ಹೆಸರಿಟ್ಟರು. ರಸ್ತೆಗಳು ಹಳೆಯವೇ, ಹೆಸರು ಮಾತ್ರ ಹೊಸದು. ಹತ್ತು ಮೀಟರ್ ಉದ್ದದ ಹಾಯಿದೋಣಿ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ವ್ಯಾನು ಅದಕ್ಕಿಂತ ವೇಗದ್ದೇನೋ ಹೌದು. ಆದರೆ ಪಶ್ಚಿಮ ತೀರದ ಆ್ಯಪಲ್‌ಕ್ರಾಸ್ ಹಳ್ಳಿಗೆ ಹೋಗುವಾಗ ದೋಣಿಯವರು ಪಡದ ಕಷ್ಟವನ್ನು ವ್ಯಾನಿನವರು ಪಡುತ್ತಾರೆ. ದೋಣಿಗೆ ಅಲ್ಲಿ ಏರುವ ಮಾತೇ ಇಲ್ಲ. ರಸ್ತೆಯೋ ಸಮುದ್ರಮಟ್ಟದಿಂದ 626 ಮೀಟರ್ ಏರಿ, ಬ್ಯಾಲಕ್ ನ ಬಾ ಎಂಬ ಕಣಿವೆಮಾರ್ಗ ದಾಟಿ, ಮತ್ತೆ ಸಮುದ್ರಮಟ್ಟಕ್ಕೇ ಇಳಿಯುತ್ತದೆ. ಕೆಲವೆಡೆ ಐದು ಅಡಿಗೆ ಒಂದು ಅಡಿ ಏರು. ದೊಡ್ಡ ವಾಹನಗಳೂ ಕಲಿಯುವ ಚಾಲಕರೂ ಈ ದಾರಿ ಹಿಡಿಯದಿರುವುದು ಲೇಸೆಂದು ಬುಡದಲ್ಲೇ ಫಲಕ ಹಾಕಿದ್ದಾರೆ.

ದೋಣಿಯಿಂದ ಕಾಣದೆ ವ್ಯಾನಿನಿಂದ ಕಾಣುವುದೆಂದರೆ ಕಲ್ಲು. ಉಲ್ಲಾಪೂಲ್ ಊರಿನ ಉತ್ತರಕ್ಕೆ, ಸಮುದ್ರದಿಂದ ಒಳಗೆ, ನಾಕನ್ ಕ್ರ್ಯಾಗ್ ಎಂಬ ಬಂಡೆಸಾಲಿದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಪಠ್ಯಪುಸ್ತಕ ಹೇಳುತ್ತದಷ್ಟೆ? ಇಲ್ಲಿ ಅದು ತಲೆಕೆಳಗು. ಸುಮಾರು 50 ಕೋಟಿ ವರ್ಷದ ಸುಣ್ಣಕಲ್ಲಿನ ಮೇಲೆ ಸುಮಾರು 100 ಕೋಟಿ ವರ್ಷ ಹಳೆಯ ಶಿಲೆ ಕುಳಿತಿದೆ. 19ನೇ ಶತಮಾನದ ಭೂವಿಜ್ಞಾನಿಗಳು ಇದರ ಬಗ್ಗೆ ದಶಕಗಳ ಕಾಲ ಜಗಳವಾಡಿದರು. ಬೆನ್ ಪೀಚ್ ಮತ್ತು ಜಾನ್ ಹಾರ್ನ್ ಎಂಬಿಬ್ಬರು ಬೆಟ್ಟಬೆಟ್ಟ ಅಲೆದು ನಕ್ಷೆ ಬರೆದು, 1907ರ ಬೃಹತ್ ವರದಿಯಲ್ಲಿ ವಿವರವಾಗಿ ದಾಖಲಿಸಿದ ಉತ್ತರ ಇದು: ಭೂಖಂಡಗಳು ಡಿಕ್ಕಿಯಾದಾಗ ಹಳೆಯ ಶಿಲೆಯ ಹಾಳೆ ಪಶ್ಚಿಮಕ್ಕೆ ಜರುಗಿ ಹೊಸದರ ಮೇಲೆ ಹತ್ತಿಕೊಂಡಿತು. ಆ ಎರಡು ಶಿಲೆಗಳ ನಡುವಿನ ಗೆರೆಯ ಮೇಲೆ ಹತ್ತು ವರ್ಷದ ಮಗುವೂ ಬೆರಳಿಡಬಹುದು. ಇನ್ನೂ ಪಶ್ಚಿಮಕ್ಕೆ ಹೋದರೆ ಸಿಗುವ ಬೂದುಬಣ್ಣದ ನೈಸ್ ಶಿಲೆಯ ವಯಸ್ಸು 300 ಕೋಟಿ ವರ್ಷದವರೆಗೂ ಹೋಗುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದವರು ಮೆಟ್ಟಿರುವುದೂ ಸರಿಸುಮಾರು ಅಷ್ಟೇ ಹಳೆಯ ನೈಸನ್ನೇ!

ಬ್ರಿಟನ್ ಮುಖ್ಯಭೂಮಿಯ ಉತ್ತರ ತುದಿ ಜಾನ್ ಓ ಗ್ರೋಟ್ಸ್ ಎಂದು ಅನೇಕರು ನಂಬಿದ್ದಾರೆ. ನಿಜವಾದ ತುದಿ ಡನೆಟ್ ಹೆಡ್. ಅಲ್ಲಿಯ ದೀಪಸ್ತಂಭದ ಬಳಿ ನಿಂತರೆ ಎದುರಿಗೆ ಆರ್ಕ್ನಿ ದ್ವೀಪಗಳು, ನಡುವೆ ಪೆಂಟ್‌ಲೆಂಡ್ ಜಲಸಂಧಿ. ಅಟ್ಲಾಂಟಿಕ್ ಕಡೆಯ ಉಬ್ಬರವೂ ಉತ್ತರ ಸಮುದ್ರದ ಉಬ್ಬರವೂ ಒಂದೇ ಹೊತ್ತಿಗೆ ಬರುವುದಿಲ್ಲ. ಎತ್ತರದ ಈ ವ್ಯತ್ಯಾಸವೇ ನೀರನ್ನು ಇಕ್ಕಟ್ಟಿನಲ್ಲಿ ಗಂಟೆಗೆ 18 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನೂಕುತ್ತದೆ. ಹತ್ತರ ವೇಗದ ದೋಣಿ ಹದಿನೆಂಟರ ಎದುರು ಹೊರಟರೆ ಏನಾದೀತು? ಮಕ್ಕಳೇ ಕಳೆದು ನೋಡಲಿ. ಇದೇ ಸೆಳೆತದಿಂದ ವಿದ್ಯುತ್ ತೆಗೆಯಲೆಂದು 2016ರಿಂದ ಇಲ್ಲಿ ನೀರಿನಡಿ ಟರ್ಬೈನುಗಳನ್ನು ಇಳಿಸಿದ್ದಾರೆ.

ಸಮುದ್ರ ಬಿಟ್ಟ ಮಾತ್ರಕ್ಕೆ ಅಪಾಯ ಬಿಟ್ಟಿತೆಂದಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯಲ್ಲಿ ತಳಕ್ಕಿಳಿದು ಕೂರುತ್ತದೆ, ಹೊರಹೋಗಲು ದಾರಿಯಿಲ್ಲ. ವ್ಯಾನಿನ ನೆಲದಲ್ಲಾದರೋ ಅದಕ್ಕಾಗಿಯೇ ತೂತು ಬಿಟ್ಟಿರುತ್ತಾರೆ. ಚಳಿ ಬರುತ್ತದೆಂದು ಅದನ್ನು ಬಟ್ಟೆ ತುರುಕಿ ಮುಚ್ಚುವವರಿಗೆ ಏನೆನ್ನಬೇಕು? ಆರಿತೆಂದು ಬಗೆದು ಇದ್ದಿಲಿನ ಒಲೆಯನ್ನು ರಾತ್ರಿ ಒಳಗಿಟ್ಟುಕೊಳ್ಳುವುದಂತೂ ಇನ್ನೂ ಘೋರ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಮತ್ತೊಂದು ಮಾತು ಊರಿನವರದು. ಒಂದೇ ವಾಹನದ ಅಗಲದ ಈ ರಸ್ತೆಗಳಲ್ಲಿ ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲಿಸಿದ ಜಾಗಗಳಿವೆ. ಅಲ್ಲೇ ವ್ಯಾನು ನಿಲ್ಲಿಸಿ ಚಹಾ ಕಾಯಿಸುವವರಿದ್ದಾರೆ. ಹಿಂದೆ ಸಿಕ್ಕಿಕೊಂಡಿರುವುದು ಕೆಲಸಕ್ಕೋ ಆಸ್ಪತ್ರೆಗೋ ಹೊರಟವರು. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಬಯಲಲ್ಲಿ ಅಡ್ಡಾಡುವ, ಡೇರೆ ಹಾಕುವ ಹಕ್ಕು ಕೊಟ್ಟಿದೆ ನಿಜ. ಮೋಟಾರು ವಾಹನಕ್ಕೆ ಅದು ಅನ್ವಯಿಸುವುದಿಲ್ಲ.

ಇನ್ನು ವಾಯವ್ಯ ಮೂಲೆಯ ಕೇಪ್ ರಾತ್. ಇಂಗ್ಲಿಷಿನಲ್ಲಿ 'ರಾತ್' ಎಂದರೆ ಕೋಪವಾದರೂ ಹೆಸರು ಬಂದದ್ದು ತಿರುವು ಎಂಬರ್ಥದ ಹಳೆಯ ನಾರ್ಸ್ ಪದದಿಂದ. ಈ ಭೂಶಿರ ಕಂಡೊಡನೆ ಹಡಗಿನವರು ದಿಕ್ಕು ತಿರುಗಿಸಬೇಕಿತ್ತು. 1828ರ ದೀಪಸ್ತಂಭ ಇಂದಿಗೂ ಅಲ್ಲಿದೆ. ಆದರೆ ವ್ಯಾನು ಅಲ್ಲಿಗೆ ಹೋಗಲಾರದು. ಡರ್ನೆಸ್ ಬಳಿ ಅದನ್ನು ನಿಲ್ಲಿಸಿ, ಬೇಸಿಗೆಯಲ್ಲಿ ಓಡುವ ಪುಟ್ಟ ದೋಣಿಯಲ್ಲಿ ಅಳಿವೆ ದಾಟಿ, ಆಚೆ ದಡದಲ್ಲಿ ಕಾದಿರುವ ಮಿನಿಬಸ್ಸಿನಲ್ಲಿ 11 ಮೈಲಿ ಕುಲುಕುತ್ತ ಸಾಗಬೇಕು. ಗಾಳಿ ಜೋರಾಗಿದ್ದರೆ ಆ ದೋಣಿಯೂ ಹೊರಡುವುದಿಲ್ಲ.