ಪೆಡಲ್ ಗಟ್ಟಿ, ಬ್ರೇಕ್ ಪೊಳ್ಳು

ನಮ್ಮ ಅಂಬಾಸಡರ್‌ಗೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿಸಿದ್ದು ನಾನೇ, ಅದೂ ಹಟ ಮಾಡಿ. ಹಳೆಯದರಿಂದ ಬ್ರೇಕ್ ಆಯಿಲ್ ಜಿನುಗುತ್ತಿತ್ತು. ಅದು ಇಳಿದ ಕಡೆಯೆಲ್ಲ ಬಣ್ಣ ಸುಕ್ಕುಗಟ್ಟಿ, ಉಗುರು ತಾಕಿದರೆ ಸಿಪ್ಪೆಯಂತೆ ಏಳುತ್ತಿತ್ತು. ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ವಡಗೇರಾ ಈಗ ತಾಲ್ಲೂಕು ಕೇಂದ್ರವೇನೋ ಹೌದು, ಈ ಗಾಡಿಯ ಸಾಮಾನು ಮಾತ್ರ ಇಲ್ಲಿ ಸಿಗದು. ಯಾದಗಿರಿಯಲ್ಲೂ ಇರಲಿಲ್ಲ, ಹೈದರಾಬಾದಿನಿಂದ ಬರಬೇಕು, ತಡವಾಗುತ್ತದೆ ಅಂದರು. ಅಷ್ಟು ತಾಳ್ಮೆ ನನಗಿರಲಿಲ್ಲ. ಯಾವುದೋ ಮಿನಿ ಲಾರಿಯದು ಸಿಕ್ಕಿತು, ತಂದೆ.

ಮಿಸ್ತ್ರಿ ಚಾಚಾ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಬ್ಯಾಡ್ರಿ ಸರ, ಇದರ ಬೋರ್ ದೊಡ್ಡದದ.”

“ದೊಡ್ಡದಿದ್ರ ಚಲೋನೇ ಅಲ್ಲೇನ್ ಚಾಚಾ? ಲಾರೀನೇ ನಿಲ್ಲಸ್ತದ, ಇದ್ಯಾವ ಲೆಕ್ಕ?”

ಚಾಚಾ ಮತ್ತೆ ಮಾತಾಡಲಿಲ್ಲ. ನಡುವೆ ಒಂದು ಪಟ್ಟಿ ಕೊರೆದು ಕೂರಿಸಿದರು, ನಾಲ್ಕೂ ಗಾಲಿಯಿಂದ ಏರ್ ತೆಗೆದರು. ಅಂಗಳದಲ್ಲಿ ನಿಂತ ಗಾಡಿಯ ಪೆಡಲ್ ಒತ್ತಿದೆ. ಕಲ್ಲು! ಅರ್ಧ ಇಂಚೂ ಇಳಿಯಲೊಲ್ಲದು. ಎಂಥ ಬ್ರೇಕು ಎಂದು ಹಿಗ್ಗಿದೆ. ನಿಧಾನಕ್ಕೆ ಓಣಿಯಲ್ಲಿ ಓಡಿಸಿದಾಗ ನಿಂತಿತು ಕೂಡ.

ಹತ್ತಿ ಬಿಡಿಸುವ ಕಾಲ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಯಾದಗಿರಿಗೆ ಹೊರಟಿದ್ದೆ. ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರ್ ಟ್ರಾಲಿ ನಿಧಾನವಾಯಿತು. ಒತ್ತಿದೆ. ಪೆಡಲ್ ಅದೇ ಕಲ್ಲು, ಗಾಡಿ ಮಾತ್ರ ಹೋಗುತ್ತಲೇ ಇದೆ. ಎರಡೂ ಕಾಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದೆ. ಗ್ರಿಲ್ ಟ್ರಾಲಿಯ ಹಲಗೆಗೆ ಹೋಗಿ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಹೆಡ್‌ಲೈಟ್ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಊರು ಮುಟ್ಟುವವರೆಗೆ ನನ್ನ ಕೂಡ ಮಾತಾಡಲಿಲ್ಲ.

ಲೆಕ್ಕ ಸರಳ, ನಾನೇ ಹಾಕಿರಲಿಲ್ಲ. ಕಾಲಿನ ಬಲ ಪಿಸ್ಟನ್ನಿನ ಅಗಲಕ್ಕೆಲ್ಲ ಹಂಚಿಹೋಗುತ್ತದೆ. ಮುಕ್ಕಾಲು ಇಂಚಿನ ಬೋರ್ ಇದ್ದಲ್ಲಿ ಒಂದಿಂಚಿನದು ಕೂತರೆ ವಿಸ್ತೀರ್ಣ 1.78 ಪಟ್ಟಾಗುತ್ತದೆ, ಅದೇ ಕಾಲು, ಅದೇ ಒತ್ತು, ಆದರೆ ಪೈಪಿನಲ್ಲಿ ಹುಟ್ಟುವ ಒತ್ತಡ ಮೊದಲಿನ ಶೇ 56 ಮಾತ್ರ. ದಪ್ಪ ಸಿರಿಂಜಿನಿಂದ ನೀರು ಚಿಮ್ಮಿಸಲು ಹೆಬ್ಬೆರಳು ಸೋಲುವುದು ಇದಕ್ಕೇ. ಲಾರಿಯಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ವೀಲ್ ಸಿಲಿಂಡರ್‌ಗಳೂ ದೊಡ್ಡವು, ಸಾಮಾನ್ಯವಾಗಿ ಬೂಸ್ಟರೂ ಇರುತ್ತದೆ. ಹಾಗಂತ ತೀರ ಸಣ್ಣದು ಹಾಕಿದರೆ ಒತ್ತಡ ಹುಟ್ಟೀತು, ಆದರೆ ಶೂಗಳು ಡ್ರಮ್ಮಿಗೆ ತಾಕುವಷ್ಟು ಆಯಿಲ್ ಹೋಗುವ ಮೊದಲೇ ಪೆಡಲ್ ತಳ ಮುಟ್ಟುತ್ತದೆ. ಮುಂದಿನ ಗಾಲಿಗೆ ಡಿಸ್ಕ್ ಹಾಕಿಸಿಕೊಂಡವರಿಗೆ ಇನ್ನೊಂದು ತೊಡಕು: ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಲೈನಿನೊಳಗೆ ತುಸು ಒತ್ತಡ ಉಳಿಸುವ ವಾಲ್ವ್ ಇರುವುದುಂಟು, ಅದು ಹಾಗೇ ಉಳಿದರೆ ಪ್ಯಾಡ್ ಸವರುತ್ತಲೇ ಇದ್ದು ಡಿಸ್ಕ್ ಕಾಯುತ್ತದೆ.

ಚಾಚಾ ಹಳೆಯದನ್ನು ಬಿಸಾಡಿರಲಿಲ್ಲ. ಬಿಚ್ಚಿ ಒರೆಸಿ, ವರ್ನಿಯರ್ ಹಿಡಿದು ಬೋರ್ ಅಳೆದರು, ಪುಶ್‌ರಾಡ್ ಉದ್ದ ಬರೆದುಕೊಂಡರು, ಅದನ್ನು ನೋಡಿಯೇ ಹೈದರಾಬಾದಿಗೆ ಹೇಳಿದರು. ಈಗ ಪೆಡಲ್ ಎರಡು ಬೆರಳಷ್ಟು ಇಳಿಯುತ್ತದೆ, ಹೊಸದಾಗಿ ಓಡಿಸಿದವರು ಮೆತ್ತಗಾಗಿದೆಯಲ್ಲ ಅಂತಾರೆ. ನನಗೊಂದು ಆಸೆ ಉಳಿದಿದೆ: ಈಗಿರುವುದು ಸಿಂಗಲ್ ಸರ್ಕ್ಯೂಟ್, ಒಂದು ಪೈಪ್ ಒಡೆದರೆ ನಾಲ್ಕೂ ಗಾಲಿ ಹೋದವು. ಮುಂದಕ್ಕೊಂದು, ಹಿಂದಕ್ಕೊಂದು ಲೈನ್ ಕೊಡುವ ಟ್ಯಾಂಡಮ್ ಹಾಕಿಸಬೇಕು. “ಮೊದಲ ಅಳತಿ ತರ್ರಿ, ಆಮ್ಯಾಲ ಸಾಮಾನು” ಅಂದಿದ್ದಾರೆ ಚಾಚಾ.