ಯಾವ ಕ್ಲಬ್ಬಿಗೆ ಸೇರುವುದು?

ಹೋದ ವರ್ಷ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದೆವು. ಅಮೆರಿಕ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು. ಮಗಳು ಇರುವುದು ಅಂಥಲ್ಲಿ ಅಲ್ಲ. ವರ್ಮೋಂಟ್ ಎಂಬ ಚಿಕ್ಕ ರಾಜ್ಯ, ಅದರ ಉತ್ತರದ ಮೂಲೆ, ಅಲ್ಲಿಂದ ಕೆನಡಾದ ಗಡಿಗೆ ಅರ್ಧ ಗಂಟೆಯ ದಾರಿ. ಅಲ್ಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳು ಡಾಕ್ಟರು. ಗಡಿಯ ಆಚೆ ಫ್ರೆಂಚ್, ಈಚೆ ಇಂಗ್ಲಿಷ್. "ಅಪ್ಪಾ, ನಿಮಗೆ ಇಲ್ಲಿ ನಮ್ಮ ಬದಿಯಡ್ಕದ ಹಾಗೇ ಆಗ್ತದೆ" ಅಂತ ಅವಳು ಫೋನಿನಲ್ಲಿ ಹೇಳಿದ್ದು ಗುಡ್ಡೆ, ಗಡಿ, ದೂರ ದೂರದ ಮನೆಗಳನ್ನು ನೋಡಿ. ಚಳಿಯ ಸಂಗತಿ ಮಾತ್ರ ಹೇಳಿರಲಿಲ್ಲ.

ಹೋಗಿ ವಾರ ಆಗಿರಲಿಲ್ಲ, ನಮ್ಮ ವಾಚನಾಲಯದ ಗ್ರಂಥಪಾಲಕಿ ವಾಟ್ಸಾಪಿನಲ್ಲಿ ಮಾತು ಕಳಿಸಿದರು. "ಮಾಷ್ಟ್ರೇ, ಸದಸ್ಯರ ಪಟ್ಟಿ ಹೊಸತು ಮಾಡ್ತಾ ಇದ್ದೇವೆ. ಮೂರು ವರ್ಷದಿಂದ ನಿಮ್ಮ ಹೆಸರು ಇಲ್ಲ. ಹಾಕ್ಲಾ, ಬೇಡ್ವಾ?" ಕೇಳಿದೆ. ಊರಿಗೆ ಹೋದ ಮೇಲೆ ನೋಡುವ ಅಂತ ಸುಮ್ಮನಾದೆ. ಆ ಪ್ರಶ್ನೆ ಸುಮ್ಮನಾಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಮಗಳ ಮನೆಯಲ್ಲಿಯೂ ಒಂದು ಸದಸ್ಯತ್ವದ ಚರ್ಚೆ ಶುರುವಾಗಿತ್ತು.

ಅಳಿಯ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವ. ಮಗಳು ಆಸ್ಪತ್ರೆಗೆ ಹೋದರೆ ಮಾತಾಡಲಿಕ್ಕೆ ಜನ ಇಲ್ಲ. ಎರಡು ಚಳಿಗಾಲ ಹಾಗೇ ಕಳೆದು ಬೇಸತ್ತು ಒಂದು ಹಳೆಯ ಸ್ನೋಮೊಬೈಲ್ ಕೊಂಡಿದ್ದ. ನೋಡದವರಿಗಾಗಿ ಹೇಳ್ತೇನೆ: ಅದು ಬೈಕಿನ ಹಾಗೆ ಕೂತು ಓಡಿಸುವ ಗಾಡಿ, ಆದರೆ ಚಕ್ರ ಇಲ್ಲ. ಮುಂದೆ ಎರಡು ಜಾರುಹಲಗೆ, ಹ್ಯಾಂಡಲ್ ತಿರುಗಿಸಿದ ಹಾಗೆ ಅವು ತಿರುಗ್ತವೆ. ಹಿಂದೆ ಟ್ರ್ಯಾಕ್ಟರಿನ ಪಟ್ಟದ ಹಾಗೆ ಅಗಲದ ರಬ್ಬರ್ ಪಟ್ಟಿ. ಭಾರ ಅಗಲಕ್ಕೆ ಹಂಚಿಹೋಗುವುದರಿಂದ ಹಿಮದಲ್ಲಿ ಹೂತುಹೋಗದೆ ಮೇಲಿಂದ ಮೇಲೆ ಓಡ್ತದೆ.

ದುಡ್ಡಿನವರ ಆಟದ ಸಾಮಾನು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅದು ಹುಟ್ಟಿದ ಕತೆ ಕೇಳಿದ ಮೇಲೆ ಹಾಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಗಡಿಯಾಚೆ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ. ಹುಡುಗನಾಗಿದ್ದಾಗಿಂದ ಅವನಿಗೆ ಹಿಮದಲ್ಲಿ ಓಡುವ ಗಾಡಿ ಮಾಡುವ ಹುಚ್ಚು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಜೋರಾಯಿತು. ದಾರಿಯೆಲ್ಲ ಹಿಮ. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಅವನು ಹಟ ಬಿಡದೆ ಮೊದಲು ಹಿಮದಲ್ಲಿ ಜನರನ್ನು ಹೊರುವ ದೊಡ್ಡ ಗಾಡಿ ಮಾಡಿದ, ಆಮೇಲೆ 1959ರಲ್ಲಿ ಒಬ್ಬಿಬ್ಬರು ಕೂತು ಹೋಗುವ ಸ್ಕಿ-ಡೂ. ಮಳೆಗಾಲದಲ್ಲಿ ತೋಡು ತುಂಬಿ, ಸಂಕ ಮುಳುಗಿ, ಹೆರಿಗೆಯ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದ ಊರಿನವರು ನಾವು. ಈ ಕತೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿ ಇದ್ದರೆ ಸಾಲದು. ಹಿಮ ಬಿದ್ದಲ್ಲೆಲ್ಲ ಓಡಿಸುವ ಹಾಗೆ ಇಲ್ಲ. ಅದಕ್ಕೆಂದೇ ಕಾಡು, ಹುಲ್ಲುಗಾವಲು, ತೋಟಗಳ ನಡುವೆ ದಾರಿಗಳುಂಟು. ಡಿಸೆಂಬರ್ 16ರಿಂದ ಏಪ್ರಿಲ್ 15ರ ವರೆಗೆ ಮಾತ್ರ ಅವು ತೆರೆದಿರ್ತವೆ. ಆ ದಾರಿಯಲ್ಲಿ ಹೋಗಬೇಕಾದರೆ ವಾಸ್ಟ್ ಎಂಬ ರಾಜ್ಯ ಸಂಘದ ಸದಸ್ಯ ಆಗಬೇಕು. ಅದು 1967ರಲ್ಲಿ ಶುರುವಾದದ್ದು. ಅದರ ಸದಸ್ಯ ಆಗುವುದೂ ನೇರವಾಗಿ ಅಲ್ಲ, ಯಾವುದಾದರೂ ಒಂದು ಊರಿನ ಕ್ಲಬ್ಬಿಗೆ ಸೇರಿಯೇ ಆಗಬೇಕು. ಅಂಥ ಕ್ಲಬ್ಬುಗಳು ಆ ಸಣ್ಣ ರಾಜ್ಯದಲ್ಲಿ ನೂರಕ್ಕೂ ಹೆಚ್ಚು. ಯಾವ ಕ್ಲಬ್ಬಿನ ಮೂಲಕ ಸೇರಿದರೂ ದಾರಿಯ ಶುಲ್ಕ ಒಂದೇ, ಊರಿನ ಕ್ಲಬ್ಬಿನ ಚಂದಾ ಮಾತ್ರ ಬೇರೆ ಬೇರೆ. ಹಾಗಾಗಿ ಅರ್ಜಿಯ ಮೊದಲ ಪ್ರಶ್ನೆಯೇ, ನಿಮ್ಮ ಕ್ಲಬ್ಬು ಯಾವುದು?

ಅಳಿಯನ ಮುಂದೆ ಎರಡು ಕ್ಲಬ್ಬುಗಳಿದ್ದವು. ಒಂದು ಪೇಟೆಯದು. ಗಾಡಿ ಕೊಂಡ ಅಂಗಡಿಯವನೂ ಅದರಲ್ಲಿ, ಆಸ್ಪತ್ರೆಯ ಗುರುತಿನವರೂ ಅದರಲ್ಲಿ. ಹೆಸರು ಬರೆದ ಜಾಕೆಟು, ತಿಂಗಳಿಗೊಂದು ಊಟ, ಲಾಟರಿ ಚೀಟಿ, ಒಟ್ಟಾಗಿ ಸವಾರಿ. ಚಂದಾ ಸ್ವಲ್ಪ ಕಡಿಮೆ. ಇನ್ನೊಂದು ಮಗಳ ಮನೆಯಿರುವ ಗುಡ್ಡೆಯದು. ಅದರಲ್ಲಿ ಇದ್ದವರು ಕೆಲವೇ ಮನೆಯವರು, ಹೆಚ್ಚಿನವರು ನನ್ನ ಪ್ರಾಯದವರು. ಜಾಕೆಟು ಇಲ್ಲ, ಊಟ ಇಲ್ಲ. ಆದರೆ ಮನೆಯ ಹಿಂದಿನಿಂದ ಹೊರಟು ಹನ್ನೆರಡು ಮೈಲು ಹೋಗುವ ದಾರಿಯನ್ನು ಅವರೇ ನೋಡಿಕೊಳ್ಳುವುದು.

"ಪೇಟೆಯದಕ್ಕೇ ಸೇರ್ತೇನೆ ಮಾವ" ಅಂದ ಅಳಿಯ. "ನನಗೆ ಇಲ್ಲಿ ನಾಲ್ಕು ಜನ ಗೆಳೆಯರು ಬೇಕು. ಈ ಅಜ್ಜಂದಿರ ಕ್ಲಬ್ಬು ಇನ್ನು ಎಷ್ಟು ವರ್ಷ ಇರ್ತದೋ ಯಾರಿಗೆ ಗೊತ್ತು. ಮುಳುಗುವ ದೋಣಿಗೆ ಹತ್ತುವುದು ಯಾಕೆ?"

ಅವನ ಮಾತು ತಪ್ಪು ಅಂತ ನನಗೂ ಕಾಣಲಿಲ್ಲ. ದೂರದ ಊರಿನಲ್ಲಿ ಒಂಟಿಯಾಗಿರುವ ಹುಡುಗ. ಜನ ಇದ್ದಲ್ಲಿಗೆ ಹೋಗ್ತೇನೆ ಅಂದರೆ ಬೇಡ ಅನ್ನುವುದು ಹೇಗೆ?

ಅಷ್ಟರಲ್ಲಿ ಒಂದು ಶನಿವಾರ ಆಚೆಮನೆಯ ಹೈನುಗಾರ ಅಜ್ಜ ಬಾಗಿಲು ತಟ್ಟಿದ. ಗುಡ್ಡೆಯ ಕ್ಲಬ್ಬಿನ ದಾರಿ ನೋಡಿಕೊಳ್ಳುವವ ಅವನೇ. ತೋಡಿಗೆ ಹಾಕಿದ ಮರದ ಸೇತುವೆಯ ಹಲಗೆ ಕುಂಬಾಗಿದೆ, ಒಂದೆರಡು ಕೈ ಬೇಕಿತ್ತು ಅಂದ. ಚಂದಾದ ಮಾತು ಎತ್ತಲಿಲ್ಲ. ಅಳಿಯ ಹೊರಟ, ನಾನೂ ಹೊರಟೆ. ಜಿಂಕೆ ಬೇಟೆಯ ಕಾಲ ಅಂತ ನಮಗಿಬ್ಬರಿಗೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಿಸಿದರು. ಇದ್ದವರು ಒಟ್ಟು ಏಳು ಜನ. ಒಬ್ಬಳು ನಿವೃತ್ತ ಅಂಚೆಯವಳು, ಒಬ್ಬ ಮರಗೆಲಸದವ. ನನ್ನನ್ನು ಮುದುಕ ಅಂತ ಯಾರೂ ಕೂರಿಸಲಿಲ್ಲ, ಹಲಗೆಯ ಒಂದು ತುದಿ ಹಿಡಿಯಲಿಕ್ಕೆ ಕೊಟ್ಟರು. ಕಂಗಿನ ಮರದ ಸಂಕ ಹಾಕಿ ಗೊತ್ತಿದ್ದ ಕೈ ನನ್ನದು. ಹಲಗೆ ಒಂದಕ್ಕೊಂದು ಒತ್ತಿ ಕೂರಬಾರದು, ನೀರು ಇಳಿಯಲಿಕ್ಕೆ ಸಂದು ಬೇಕು ಅಂತ ಸನ್ನೆಯಲ್ಲಿ ತೋರಿಸಿದೆ. ಮರಗೆಲಸದವ ನಕ್ಕು ತಲೆ ಆಡಿಸಿದ.

ಕಾಫಿ ಕುಡಿಯುವಾಗ ಅಜ್ಜ ಆಚೆ ಕಡೆ ಕೈ ತೋರಿಸಿ ಹೇಳಿದ: "ಮೊದಲು ದಾರಿ ಅಲ್ಲಿಂದ ಇತ್ತು. ಈಗ ಸುತ್ತು ಬಳಸಿ ಹೋಗಬೇಕು." ಅಲ್ಲಿಯವರು ಮೇಪಲ್ ಮರಕ್ಕೆ ತೂತು ಕೊರೆದು ಅದರ ನೀರು ಇಳಿಸ್ತಾರೆ, ನಾವು ರಬ್ಬರ್ ಹಾಲು ಇಳಿಸಿದ ಹಾಗೆ. ಆ ನೀರು ಸುಮಾರು 40 ಲೀಟರ್ ಕುದಿಸಿದರೆ ಒಂದು ಲೀಟರ್ ಸಿಹಿ ಪಾಕ. ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಕಟ್ಟಿರ್ತಾರೆ. ದಾರಿ ಬಿಟ್ಟು ಗಾಡಿ ನುಗ್ಗಿಸಿದ ಯಾರೋ ಒಬ್ಬ ಆ ಕೊಳವೆ ಹರಿದು ಹಾಕಿ ನಿಲ್ಲದೆ ಹೋಗಿದ್ದ. ಮರುವರ್ಷ ಜಾಗದವರು ದಾರಿ ಕೊಡುವುದಿಲ್ಲ ಅಂದರು.

ಆಗ ನನಗೆ ವಿಷಯ ಅರ್ಥವಾಯಿತು. ಆ ರಾಜ್ಯದ ಸ್ನೋಮೊಬೈಲ್ ದಾರಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಹೋಗುವುದು ಖಾಸಗಿಯವರ ಜಾಗದಲ್ಲಿ. ಬಾಡಿಗೆ ಇಲ್ಲ, ಬರೀ ಒಪ್ಪಿಗೆ. ನಡುವೆ ಒಬ್ಬ ಬೇಲಿ ಹಾಕಿದರೆ ಹನ್ನೆರಡು ಮೈಲೂ ತುಂಡು. ಆ ಒಪ್ಪಿಗೆ ಉಳಿಸುವವರು ರಾಜ್ಯ ಸಂಘದ ಆಫೀಸಿನಲ್ಲಿ ಇಲ್ಲ. ಬೇಲಿ ಮುರಿದರೆ ಹೋಗಿ ಕಟ್ಟಿಕೊಟ್ಟು, ಬಿದ್ದ ಮರ ಕಡಿದು, ಮನೆಮನೆಗೆ ಹೋಗಿ ಕ್ಷೇಮ ಕೇಳಿ ಬರುವ ಈ ಏಳು ಜನರೇ ಅದನ್ನು ಉಳಿಸುವುದು. ಪೇಟೆಯ ಕ್ಲಬ್ಬೂ ಇದೇ ಕೆಲಸ ಮಾಡ್ತದೆ, ಆದರೆ ಪೇಟೆಯ ಸುತ್ತಿನ ದಾರಿಯಲ್ಲಿ. ಅಳಿಯ ಅಲ್ಲಿ ಚಂದಾ ಕೊಟ್ಟು ಇಲ್ಲಿ ಸವಾರಿ ಮಾಡಿದರೆ ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ಇಲ್ಲಿಯ ಹಲಗೆ ಹೊರಲಿಕ್ಕೆ ಮಾತ್ರ ಒಂದು ಕೈ ಕಡಿಮೆ.

ಮನೆಗೆ ಬರುವಾಗ ಅಳಿಯನಿಗೆ ನಮ್ಮ ತೋಡಿನ ಕಟ್ಟದ ಸಂಗತಿ ಹೇಳಿದೆ. ಅವನು ಬೆಂಗಳೂರಿನಲ್ಲಿ ಬೆಳೆದವ, ಅವನಿಗೆ ಗೊತ್ತಿರಲಿಲ್ಲ. ಮಳೆ ನಿಂತು ತೋಡು ಇಳಿಯುವ ಹೊತ್ತಿಗೆ ಕಲ್ಲು ಮಣ್ಣು ಸೇರಿಸಿ ಕಟ್ಟ ಕಟ್ಟುವುದು, ಮುಂದಿನ ಮಳೆಗೆ ಅದು ಕೊಚ್ಚಿಹೋಗುವುದು, ಮತ್ತೆ ಕಟ್ಟುವುದು. ಖರ್ಚು ಪಾಲು ಹಾಕುವಾಗ ಯಾವ ಕಟ್ಟ ಚೆಂದ, ಯಾವ ಕಟ್ಟದ ಬಳಿ ಹೆಚ್ಚು ಜನ ಸೇರ್ತಾರೆ ಅಂತ ಯಾರೂ ಕೇಳುವುದಿಲ್ಲ. ಯಾವ ಕಟ್ಟದ ನೀರು ನಿನ್ನ ಬಾವಿಗೆ ಇಳಿಯುತ್ತದೋ ಅದಕ್ಕೆ ನಿನ್ನ ಪಾಲು. ಕಟ್ಟದ ಕೆಲಸಕ್ಕೆ ಬಾರದೆ ನೀರು ಮಾತ್ರ ಕುಡಿಯುವವನನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರ್ತದೆ.

ಇಷ್ಟು ಹೇಳಿ ನನ್ನ ಮಾತು ಅರ್ಧಕ್ಕೆ ನಿಂತಿತು. ಗ್ರಂಥಪಾಲಕಿಗೆ ಉತ್ತರ ಕೊಡದೆ ಹದಿನೈದು ದಿನ ಆಗಿತ್ತು.

ನನ್ನ ಸಂಗತಿಯನ್ನು ಮುಚ್ಚಿಡುವುದಿಲ್ಲ. ನಿವೃತ್ತಿಯ ನಂತರ ನಾನು ಪೇಟೆಯ ಒಂದು ದೊಡ್ಡ ಸಂಘಕ್ಕೆ ಸೇರಿದೆ. ಅಲ್ಲಿ ವೇದಿಕೆ ಉಂಟು, ಶಾಲು ಉಂಟು, ಮರುದಿನ ಪತ್ರಿಕೆಯಲ್ಲಿ ಫೋಟೋ ಉಂಟು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಅಂತ ಅಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಆ ಸಂಘ ಮಾಡುವ ಕೆಲಸವೂ ಸಣ್ಣದಲ್ಲ. ಆದರೆ ಊರಿನ ವಾಚನಾಲಯಕ್ಕೆ ಹೋಗುವುದು ಕಡಿಮೆಯಾಗಿ, ಹೋದಾಗ ಪೇಪರು ಓದಿ ಎದ್ದು ಬರುವುದಾಗಿ, ಕೊನೆಗೆ ಚಂದಾ ಕೊಡುವುದೂ ಬಿಟ್ಟುಹೋಯಿತು. ಕೊಡಬಾರದು ಅಂತ ಅಲ್ಲ, ಮರೆತದ್ದೂ ಅಲ್ಲ. ನಾನು ಕೊಡದಿದ್ದರೂ ಅದು ನಡೀತದೆ ಅಂತ. ನಾನು ಐದನೇ ಕ್ಲಾಸಿನಲ್ಲಿ ಮೊದಲ ಕತೆ ಪುಸ್ತಕ ಓದಿದ್ದು ಅದೇ ಬೆಂಚಿನಲ್ಲಿ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕನ್ನಡ ಸಿಗುವ ಜಾಗ ಅಂತ ಇದ್ದದ್ದು ಶಾಲೆ ಬಿಟ್ಟರೆ ಅದೊಂದೇ.

ಕೇರಳದಲ್ಲಿ ಊರಿನ ಗ್ರಂಥಾಲಯಗಳಿಗೆ ಲೈಬ್ರರಿ ಕೌನ್ಸಿಲ್ ಗ್ರೇಡ್ ಕೊಡ್ತದೆ, ಗ್ರೇಡ್ ನೋಡಿ ಅನುದಾನ ಕೊಡ್ತದೆ. ಪುಸ್ತಕ ಎಷ್ಟು, ಸದಸ್ಯರು ಎಷ್ಟು, ಓದಲಿಕ್ಕೆ ಒಯ್ದದ್ದು ಎಷ್ಟು ಎಂಬ ಲೆಕ್ಕ ಅದರಲ್ಲಿ ಬರ್ತದೆ. ಅಂದರೆ ಪಟ್ಟಿಯಲ್ಲಿ ಒಂದು ಹೆಸರು ಬರೀ ಹೆಸರಲ್ಲ. ಕನ್ನಡ ಪುಸ್ತಕ ಒಯ್ಯುವವರೇ ಪುಸ್ತಕದಲ್ಲಿ ಕಾಣದಿದ್ದರೆ ಕನ್ನಡ ಪುಸ್ತಕ ಯಾರಿಗಾಗಿ ತರಬೇಕು ಅಂತ ಯಾರಾದರೂ ಕೇಳಿದರೆ ನನ್ನ ಭಾಷಣ ಅದಕ್ಕೆ ಉತ್ತರ ಆಗುವುದಿಲ್ಲ.

ಅಳಿಯ ಒಂದು ವಾರ ಆಲೋಚಿಸಿದ. ವಿಚಾರಿಸಿದಾಗ ಎರಡು ಕ್ಲಬ್ಬಿಗೂ ಸೇರಬಹುದು ಅಂತ ಗೊತ್ತಾಯಿತು. ದಾರಿಯ ಶುಲ್ಕ ಒಂದು ಕ್ಲಬ್ಬಿನ ಮೂಲಕ ಕಟ್ಟಿದರೆ ಇನ್ನೊಂದಕ್ಕೆ ಅದರ ಸಣ್ಣ ಚಂದಾ ಮಾತ್ರ. ಗುಡ್ಡೆಯ ಕ್ಲಬ್ಬನ್ನು ಮೊದಲನೆಯದಾಗಿ ಬರೆದ, ಗೆಳೆಯರಿಗಾಗಿ ಪೇಟೆಯದನ್ನು ಎರಡನೆಯದಾಗಿ. "ಜಾಕೆಟೂ ಸಿಕ್ಕಿತು ಮಾವ" ಅಂತ ನಕ್ಕ. ಯಾವುದನ್ನು ಬಿಡುವುದು ಅನ್ನುವುದಕ್ಕಿಂತ ಯಾವುದನ್ನು ಮೊದಲು ಬರೆಯುವುದು ಅನ್ನುವುದೇ ಅಲ್ಲಿ ಮುಖ್ಯ ಆಯಿತು.

ಜನವರಿಯಲ್ಲಿ ಹಿಮ ಜೋರಾಗಿ ಬಿತ್ತು. ಒಂದು ರಾತ್ರಿ ಗುಡುಗುಡು ಸದ್ದಿಗೆ ಎಚ್ಚರ ಆಗಿ ಕಿಟಕಿಯಿಂದ ನೋಡಿದರೆ ಪಟ್ಟದ ಚಕ್ರದ ಒಂದು ಯಂತ್ರ ಹಿಂದೆ ಅಗಲದ ಹಲುಬೆ ಕಟ್ಟಿಕೊಂಡು ನಿಧಾನ ಹೋಗ್ತಾ ಇತ್ತು. ಗಾಡಿಗಳು ಓಡಿ ಓಡಿ ದಾರಿಯಲ್ಲಿ ದಿಬ್ಬ ಏಳ್ತವೆ. ಅದನ್ನು ಕೆರೆದು, ಗುಂಡಿ ತುಂಬಿಸಿ, ಒತ್ತಿ ಸಮ ಮಾಡುವುದು ಆ ಯಂತ್ರದ ಕೆಲಸ. ರಾತ್ರಿಯೇ ಮಾಡುವುದು ಯಾಕೆಂದರೆ ಆಗ ಸವಾರರಿಲ್ಲ, ಚಳಿಗೆ ಒತ್ತಿದ ಹಿಮ ಗಟ್ಟಿಯಾಗಿ ಕೂರ್ತದೆ. ಒಳಗೆ ಕೂತಿದ್ದವ ಆಚೆಮನೆಯ ಅಜ್ಜ. ಅವನ ಪಕ್ಕದಲ್ಲಿ, ಕಲಿಯಲಿಕ್ಕೆ ಅಂತ, ನನ್ನ ಅಳಿಯ. ಗಂಟೆ ಎರಡು.

ನಮ್ಮ ಊರಿನಲ್ಲಿ ಆಗ ಮಧ್ಯಾಹ್ನ, ವಾಚನಾಲಯ ತೆರೆಯುವ ಹೊತ್ತು ಹತ್ತಿರ. ಫೋನು ತೆಗೆದು ಗ್ರಂಥಪಾಲಕಿಗೆ ಹೇಳಿದೆ: "ನನ್ನ ಹೆಸರು ಹಾಕಿ. ಮೂರು ವರ್ಷದ ಬಾಕಿಯನ್ನೂ ಸೇರಿಸಿ ಹೇಳಿ."

ಅವರು ಕೂಡಲೇ ಉತ್ತರ ಕಳಿಸಿದರು. "ಬಾಕಿ ಇರಲಿ ಮಾಷ್ಟ್ರೇ. ನೀವು ಬಂದ ಮೇಲೆ ಕಪಾಟಿನ ಪುಸ್ತಕ ಬಿಸಿಲಿಗೆ ಹಾಕ್ಲಿಕ್ಕೆ ಉಂಟು. ಗೆದ್ದಲು ಬಂದಿದೆ. ಜನ ಇಲ್ಲ."

ಏಪ್ರಿಲಿನಲ್ಲಿ ಬಂದೆ. ಎರಡು ಆದಿತ್ಯವಾರ, ನಾವು ಐದು ಜನ, ಅಂಗಳದಲ್ಲಿ ಪುಸ್ತಕ ಹರವಿ ಒಂದೊಂದಾಗಿ ಒರೆಸಿದೆವು. ಕೆಲವು ಉಳಿಯಲಿಲ್ಲ. ಐದನೇ ಕ್ಲಾಸಿನಲ್ಲಿ ಓದಿದ ಆ ಕತೆ ಪುಸ್ತಕ ಹುಡುಕಿದೆ, ಸಿಗಲಿಲ್ಲ. ಪೇಟೆಯ ಸಂಘವನ್ನು ನಾನು ಬಿಟ್ಟಿಲ್ಲ, ಕರೆದರೆ ಹೋಗ್ತೇನೆ. ಆದರೆ ಆದಿತ್ಯವಾರ ಕರೆದರೆ ಬರಲಿಕ್ಕಾಗುವುದಿಲ್ಲ, ಕೆಲಸ ಉಂಟು ಅಂತ ಹೇಳ್ತೇನೆ.