ನಾಲಗೆಯ ಪರೀಕ್ಷೆ

ಪಂಚೇಂದ್ರಿಯಗಳಲ್ಲಿ ಜಿಹ್ವೇಂದ್ರಿಯವನ್ನು ಗೆಲ್ಲುವುದು ಬಲು ಕಠಿಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಇಂದ್ರಿಯವನ್ನೇ ಜೀವನೋಪಾಯವಾಗಿಸಿಕೊಂಡ ಶ್ರಾವಕರೊಬ್ಬರು ಮಂಗಳೂರಿನಲ್ಲಿದ್ದರು. ನಗರದ ಕಾಫಿ ಸಂಸ್ಕರಣಾಗಾರವೊಂದರಲ್ಲಿ ಅವರು ಬಹುಕಾಲ ರುಚಿಪರೀಕ್ಷಕರಾಗಿದ್ದರು. ಹುರಿದು ಪುಡಿಮಾಡಿದ ಕಾಫಿಗೆ ಬಿಸಿನೀರು ಹೊಯ್ದು, ನಾಲ್ಕು ನಿಮಿಷಗಳ ತರುವಾಯ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಪರಿಮಳವನ್ನು ಗ್ರಹಿಸುವುದು; ಬಳಿಕ ಒಂದು ಚಮಚದಷ್ಟನ್ನು ಸದ್ದಾಗುವಂತೆ ಹೀರಿ, ಬಾಯಿಯಲ್ಲೆಲ್ಲ ಹರಡಿ, ನುಂಗದೆ ಉಗುಳುವುದು; ಹುಳಿ, ಕಹಿ, ಸಾಂದ್ರತೆ, ದೋಷಗಳನ್ನು ಬರೆದಿಡುವುದು ಅವರ ನಿತ್ಯದ ಕೆಲಸ. ಅನಸ್ತಮಿತ ವ್ರತವುಳ್ಳ ಅವರು ಸೂರ್ಯಾಸ್ತದ ನಂತರ ಚಮಚವನ್ನು ಮುಟ್ಟುತ್ತಿರಲಿಲ್ಲ. ನುಂಗದಿದ್ದ ಮೇಲೆ ಅದು ಆಹಾರವೇ ಅಲ್ಲವೆಂದು ಜೊತೆಯವರು ವಾದಿಸಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಅವರ ವಿಶೇಷ ಪರಿಣತಿಯಿದ್ದುದು ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯಲ್ಲಿ. ಹಿಂದೆ ಪಶ್ಚಿಮ ಕರಾವಳಿಯಿಂದ ಹಾಯಿಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಯುರೋಪನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನೊಡಲಿನ ತೇವದಲ್ಲಿ ಹಸುರು ಬೀಜಗಳು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ಮೆದುವಾದ ರುಚಿ ಪಡೆಯುತ್ತಿದ್ದವು. ಉಗಿಹಡಗುಗಳು ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣ ಕಿರಿದಾಯಿತು. ಆ ರುಚಿಯೂ ಮಾಯವಾಯಿತು. ಹಳೆಯ ರುಚಿಯನ್ನೇ ಬಯಸಿದ ಗ್ರಾಹಕರಿಗಾಗಿ ಕರಾವಳಿಯ ವರ್ತಕರು ಮಳೆಗಾಲದ ಗಾಳಿಯನ್ನು ಬಳಸಿಕೊಂಡರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕಗಳು ತೆರೆದಿರುವ ಗೋದಾಮಿನಲ್ಲಿ ಬೀಜವನ್ನು ಹರಡಿ, ಆಗಾಗ ಕೆದಕಿ, ಅನಂತರ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ ಗಾಳಿಯಾಡುವಂತೆ ಸಾಲಾಗಿ ಜೋಡಿಸುತ್ತಾರೆ. ಮತ್ತೆ ಮತ್ತೆ ಸುರಿದು ತುಂಬುತ್ತಾರೆ. ಹೀಗೆ 12ರಿಂದ 16 ವಾರಗಳಲ್ಲಿ ಬೀಜ ಪಕ್ವವಾಗುತ್ತದೆ. ಈ ಕಾಫಿಗೆ 2007–08ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಒಂದು ಶ್ರಾವಣದಲ್ಲಿ ಯುರೋಪಿನ ಖರೀದಿದಾರರೊಬ್ಬರು ಬಂದಿದ್ದರು. ಪರೀಕ್ಷಕರ ನಾಲಗೆಯ ಸೂಕ್ಷ್ಮತೆಗೆ ಮಾರುಹೋದ ಅವರು ಹೊರಡುವ ಮುನ್ನ ಗೌರವದಿಂದ ಒಂದು ಶೀಷೆಯನ್ನು ಮೇಜಿನ ಮೇಲಿಟ್ಟರು. ಅದು ಪೋರ್ಚುಗಲ್ ದೇಶದ ದೋರು ಕಣಿವೆಯ ವಿಂಟೇಜ್ ಪೋರ್ಟ್. ದ್ರಾಕ್ಷಾರಸ ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸಿ ಹುಳಿಯುವಿಕೆಯನ್ನು ನಿಲ್ಲಿಸಿದಾಗ ಸಿಹಿ ಉಳಿಯುತ್ತದೆ. ಎರಡು ಮೂರು ವರ್ಷಗಳಲ್ಲಿ ಶೀಷೆಗೆ ತುಂಬಿ, ದಶಕಗಳ ಕಾಲ ಕತ್ತಲಲ್ಲಿ ಮಲಗಿಸಿಡುತ್ತಾರೆ. ಕಾಲವೇ ಪಕ್ವಗೊಳಿಸಿದ ಎರಡು ವಸ್ತುಗಳನ್ನು ಒಂದೇ ನಾಲಗೆ ತೂಗಿನೋಡಲೆಂಬುದು ಅತಿಥಿಯ ಆಸೆ. ಮದ್ಯದ ಪರೀಕ್ಷಕರೂ ನುಂಗದೆ ಉಗುಳುತ್ತಾರೆಂದು ಅವರು ಭರವಸೆಯಿತ್ತರು.

ಶ್ರಾವಕರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು, ಬಹುಕಾಲ ಇಟ್ಟ ವಸ್ತುವೆಂದರು. ಮೂಗಿಗೂ ತಾರದೆ ಕೆಳಗಿಟ್ಟು ಕೈಮುಗಿದರು. ಅತಿಥಿ ಬೇಸರಪಡದೆ ಶೀಷೆಯನ್ನು ಹಿಂದೆ ತೆಗೆದುಕೊಂಡರು.

ಅದೇ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಸೋದರಳಿಯನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮನೆಗೆ ಮರಳುವಾಗ ಕೇಳಿದ: “ಮಾವ, ನುಂಗದಿದ್ದರೆ ದೋಷವೇನು? ಕಾಫಿಯನ್ನೂ ನೀವು ನುಂಗುವುದಿಲ್ಲವಲ್ಲ?”

“ನುಂಗುವುದರಲ್ಲಷ್ಟೇ ದೋಷವಿಲ್ಲವಪ್ಪ” ಎಂದು ಅವರು ವಿವರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯತ್ಯಾಗವನ್ನು ಗೃಹಸ್ಥನ ಎಂಟು ಮೂಲಗುಣಗಳಲ್ಲಿ ಎಣಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆಂದು ಹೇಳಿ, ಅದು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವೆಂಬ ಕಾರಣವನ್ನೂ ಕೊಟ್ಟಿದ್ದಾರೆ. ಉಗುಳಿದರೆ ಮೋಹ ತಪ್ಪೀತು, ಜೀವಹಾನಿ ತಪ್ಪದು.

ಅಳಿಯ ಕ್ಷಣಕಾಲ ಸುಮ್ಮನಿದ್ದು, “ಹಾಗಾದರೆ ನಮ್ಮ ಗೋದಾಮಿನ ಹುಳುಗಳು?” ಎಂದ.

ಅವರ ಬಳಿ ಉತ್ತರವಿರಲಿಲ್ಲ. ತೇವವುಂಡ ಬೀಜಕ್ಕೆ ಕೊರೆಯುವ ಸಣ್ಣ ಹುಳುಗಳು ಬೇಗ ಮುತ್ತುತ್ತವೆ. ಆದುದರಿಂದ ಚೀಲಗಳಿಗೆ ಹೊದಿಕೆ ಮುಚ್ಚಿ ವಿಷಾನಿಲವನ್ನು ಹಾಯಿಸುವ ಫ್ಯೂಮಿಗೇಷನ್ ಈ ಉದ್ಯಮದ ಒಂದು ಅಂಗವೇ ಆಗಿದೆ. ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದಲೇ ಮುನಿಗಳು ಸಂಚಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ಒಂದೆಡೆ ನೆಲಸುತ್ತಾರೆ. ಅದೇ ತಿಂಗಳುಗಳಲ್ಲಿ, ಅದೇ ಗಾಳಿಯಿಂದ ತಮ್ಮ ಅನ್ನ ಸಿದ್ಧವಾಗುತ್ತಿದೆಯೆಂಬುದನ್ನು ಅವರು ಅದುವರೆಗೆ ಒಟ್ಟಿಗಿಟ್ಟು ನೋಡಿರಲಿಲ್ಲ.

ಅಂದು ರಾತ್ರಿ ಸಾಮಾಯಿಕದಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಮೊದಲನೆಯದನ್ನು. ಬೇಸಾಯಗಾರನ ನೇಗಿಲಿಗೆ ಸಿಕ್ಕಿ ಸಾಯುವ ಜೀವಿಯದು ಉದ್ಯೋಗೀ ಹಿಂಸೆ. ಆದರೆ ಕೊಲ್ಲಲೆಂದೇ ಅನಿಲವನ್ನು ಹಾಯಿಸುವುದನ್ನೂ ಅದೇ ಹೆಸರಿನಿಂದ ಕರೆದು ನಿಶ್ಚಿಂತರಾಗಬಹುದೇ? ಎಂದೂ ಬಯಸದ ಮದ್ಯವನ್ನು ನಿರಾಕರಿಸಲು ಅವರಿಗೆ ಶ್ರಮವೇ ಆಗಿರಲಿಲ್ಲ. ಸಂಬಳ ಕೊಡುವ ಗೋದಾಮಿನತ್ತ ಅದೇ ಕಾರಣವನ್ನು ತಿರುಗಿಸುವುದು ಶ್ರಮದ ಕೆಲಸವಾಗಿತ್ತು.

ಬೆಳಿಗ್ಗೆ ಅಳಿಯ, ಮನೆಯಲ್ಲಿ ಕಾಫಿಯನ್ನೇ ಬಿಟ್ಟುಬಿಡೋಣವೆಂದ. “ಉಗುಳುವವನಿಗೆ ಬಿಡುವುದೇನು ಕಷ್ಟ? ಮೊದಲು ಗೋದಾಮನ್ನು ಗುಡಿಸೋಣ” ಎಂದರು.

ಮರುವರ್ಷದಿಂದ ಮಳೆಗೆ ಮೊದಲೇ ನೆಲದ ಬಿರುಕುಗಳನ್ನು ಮುಚ್ಚಿಸಿದರು. ಹಳೆಯ ಗೋಣಿಗಳನ್ನು ಬಳಸಲು ಬಿಡಲಿಲ್ಲ. ಹಿಂದಿನ ವರ್ಷದ ದಾಸ್ತಾನನ್ನು ಹೊಸ ಬೀಜದ ಬಳಿಯಿಡಲು ಒಪ್ಪಲಿಲ್ಲ. ಪಕ್ವವಾದ ಚೀಲಗಳು ತಡವಿಲ್ಲದೆ ಸಾಗಬೇಕೆಂದು ಹಟಹಿಡಿದರು. ಖರ್ಚು ಹೆಚ್ಚಿತೆಂದು ಮೇಲಿನವರು ಗೊಣಗಿದರು. ಹುಳುಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಸಾಗಣೆಗೆ ಮುಂಚಿನ ಫ್ಯೂಮಿಗೇಷನ್ ನಿಲ್ಲಲೂ ಇಲ್ಲ. ನಿವೃತ್ತರಾಗುವವರೆಗೂ ಪ್ರತಿವರ್ಷದ ಕ್ಷಮಾವಣಿಯಂದು ಬಂಧುಗಳ ಕ್ಷಮೆ ಕೋರಿದ ಬಳಿಕ ಅವರು ಒಬ್ಬರೇ ಗೋದಾಮಿಗೆ ಹೋಗಿ, ಚೀಲಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ಕೈಮುಗಿದು ನಿಂತು ಬರುತ್ತಿದ್ದರು. ದೋಷ ತೀರಿತೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ.